ಕೆರಳಿದ ಮಗುವಿನ ಎದುರಿನಲ್ಲಿ

ತರಗತಿಯ ನಡುವೆ ಹುಡುಗನೊಬ್ಬನು ಪಾಟಿಚೀಲವನ್ನು ಬೀಸಿ ಎಸೆದು, ಬೆಂಚನ್ನು ಒದೆದು, ಬಳಿಗೆ ಬಂದವರನ್ನು ಕಚ್ಚಲು ಹೋಗುವನು. ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಮಾತು ಬಾರದ ಹುಡುಗಿಯೊಬ್ಬಳು ತನ್ನ ಹಣೆಯನ್ನೇ ಗೋಡೆಗೆ ಚಚ್ಚಿಕೊಳ್ಳುವಳು. ವೃದ್ಧಾಶ್ರಮದಲ್ಲಿ ನೆನಪು ಮಾಸಿದ ಅಜ್ಜನು, ಸ್ನಾನ ಮಾಡಿಸಲು ಬಂದವನನ್ನು ಕಳ್ಳನೆಂದು ಬಗೆದು ಊರುಗೋಲನ್ನು ಎತ್ತುವನು. ಈ ಮೂವರ ಸಂಕಟದ ಕಾರಣಗಳು ಬೇರೆ ಬೇರೆ. ಆದರೆ ಸುತ್ತಲಿನವರು ಮಾಡುವುದು ಮಾತ್ರ ಬಹುಮಟ್ಟಿಗೆ ಒಂದೇ: ಗುಂಪುಗೂಡುವರು, ಗದರುವರು, ಕೊನೆಗೆ ಕೈಕಾಲು ಹಿಡಿದು ಕೆಡಹುವರು. ಹೀಗೆ ಕೆಡಹುವುದರಿಂದ ಉಂಟಾಗುವ ಅಪಾಯವು ಎಷ್ಟೋ ಬಾರಿ ಆ ಕೆರಳಿಕೆಯ ಅಪಾಯಕ್ಕಿಂತ ದೊಡ್ಡದು ಎಂಬುದನ್ನೂ, ಅದಕ್ಕೆ ಬಹಳ ಮುಂಚೆಯೇ ಮಾಡಬಹುದಾದ ಕೆಲಸವು ಬೇಕಾದಷ್ಟು ಉಂಟು ಎಂಬುದನ್ನೂ ನಾವು ಈ ಭಾಷಣದಲ್ಲಿ ವಿವರಿಸಬೇಕೆಂದಿದ್ದೇವೆ.

ಭಟ್ಕಳ, ಹೊನ್ನಾವರ, ಕುಮಟೆ ಎಂಬ ಮೂರು ಕರಾವಳಿ ತಾಲೂಕುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತನಾಡುವುದಕ್ಕೆ ಕಾರಣವುಂಟು. ಈ ಸೀಮೆಯಲ್ಲಿ ತಜ್ಞವೈದ್ಯರು ಎಂದರೆ ದೂರದ ಮಾತು. ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಮಣಿಪಾಲ ಮತ್ತು ಮಂಗಳೂರು, ಘಟ್ಟ ಹತ್ತಿದರೆ ಧಾರವಾಡ. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಿಂದಲೂ ಧಾರವಾಡದಲ್ಲಿ ಮನೋರೋಗಿಗಳ ಆಸ್ಪತ್ರೆ ಇದ್ದಿತು. ಅದೇ ಈಗಿನ ಡಿಮ್ಹಾನ್ಸ್. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾದರೆ ಒಂದು ರಾತ್ರಿಯ ಪ್ರಯಾಣ. ಹುಡುಗನು ಬೆಂಚನ್ನು ಒದೆಯುವ ಹೊತ್ತಿನಲ್ಲಿ ಇವರಾರೂ ಇರುವುದಿಲ್ಲ. ಇರತಕ್ಕವರು ಮಾಸ್ತರು, ಅಕ್ಕೋರು, ಬಿಸಿಯೂಟದ ಅಡುಗೆಯವರು, ಆಯಾ, ಕಾವಲುಗಾರ. ಆ ಹತ್ತು ನಿಮಿಷಗಳ ಚಿಕಿತ್ಸೆಯು ಇವರ ಕೈಯಲ್ಲಿಯೇ ಇರುವುದು.

“ಇದ್ದಕ್ಕಿದ್ದಂತೆ ಹೀಗಾಯಿತು” ಎಂದು ಇಂಥ ಪ್ರಸಂಗಗಳ ಬಳಿಕ ಎಲ್ಲರೂ ಹೇಳುವುದುಂಟು. ಹಾಗೆ ಇದ್ದಕ್ಕಿದ್ದಂತೆ ಆಗುವುದು ಬಲು ಅಪರೂಪ. ಹೊನ್ನಾವರದಲ್ಲಿ ಶರಾವತಿಯೂ, ಕುಮಟೆಯ ಸೀಮೆಯಲ್ಲಿ ಅಘನಾಶಿನಿಯೂ ಕಡಲನ್ನು ಸೇರುವ ಅಳಿವೆಗಳನ್ನು ಶ್ರೋತೃಗಳಲ್ಲಿ ಹಲವರು ಕಂಡಿರಬಹುದು. ಅಲ್ಲಿ ದೋಣಿ ನಡೆಸುವವನು ನೀರಿನ ಬಣ್ಣ, ಗಾಳಿಯ ದಿಕ್ಕು, ತೆರೆಗಳ ನಡುವಿನ ಬಿಡುವು, ಇವನ್ನು ನೋಡಿ ದಾಟುವ ಹೊತ್ತನ್ನು ನಿಶ್ಚಯಿಸುವನು. ತೆರೆ ಎದ್ದ ಮೇಲೆ ಹುಟ್ಟು ಹಾಕಿ ಅದನ್ನು ಹೊಡೆಯುವವನನ್ನು ನಾವು ಕಂಡಿಲ್ಲ. ಮಗುವಿನ ಕೆರಳಿಕೆಯೂ ಹಂತಹಂತವಾಗಿ ಏರುವುದು. ಮೊದಲು ಸಮಾಧಾನದ ಸ್ಥಿತಿ, ಬಳಿಕ ಏನೋ ಒಂದು ಕೆಣಕುವುದು, ಕೈಕಾಲುಗಳಲ್ಲಿ ಚಡಪಡಿಕೆ, ಮಾತಿಗೆ ಎದುರುಮಾತು, ಆಮೇಲೆ ಸ್ಫೋಟ, ನಂತರ ಇಳಿತ, ದಣಿವು, ಮೌನ. ಸ್ಫೋಟವು ಈ ಮೆಟ್ಟಿಲುಗಳಲ್ಲಿ ಒಂದು ಮಾತ್ರ. ನಾವು ಅದೊಂದನ್ನೇ ನೋಡಿ ಉಳಿದುದನ್ನು ಮರೆಯುವುದರಿಂದಲೇ ಅದು ಸಿಡಿಲಿನಂತೆ ತೋರುವುದು.

ಲಕ್ಷಣಗಳು ಮಗುವಿನಿಂದ ಮಗುವಿಗೆ ಬೇರೆಯಾಗುವುವು. ಒಬ್ಬನು ಅಂಗಿಯ ಗುಂಡಿಯನ್ನು ತಿರುವುವನು. ಇನ್ನೊಬ್ಬನು ಅತಿಯಾಗಿ ನಗುವನು. ಮತ್ತೊಬ್ಬಳು ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುವಳು. ಪ್ರತಿದಿನ ಮಾತಾಡುವ ಹುಡುಗನು ಸುಮ್ಮನಾದರೆ ಅದೂ ಒಂದು ಲಕ್ಷಣವೇ. ತಾಯಿಗೆ ಇದು ಗೊತ್ತಿರುವುದು. ಆಕೆಯನ್ನು ಒಂದು ಮಾತು ಕೇಳಿ ಬರೆದಿಟ್ಟುಕೊಳ್ಳುವ ಪದ್ಧತಿ ನಮ್ಮ ಶಾಲೆಗಳಲ್ಲಿ ಕಡಿಮೆ. ಹೆಸರು, ಜಾತಿ, ಜನ್ಮದಿನ, ಆಧಾರ್ ಸಂಖ್ಯೆ ಎಲ್ಲವನ್ನೂ ಕೇಳಿ ಬರೆಯುವ ನಾವು, “ನಿಮ್ಮ ಮಗನಿಗೆ ಸಿಟ್ಟು ಬರುವ ಮೊದಲು ಏನು ಮಾಡುತ್ತಾನೆ? ಏನು ಮಾಡಿದರೆ ತಣ್ಣಗಾಗುತ್ತಾನೆ?” ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಅರ್ಜಿಯಲ್ಲಿ ಸ್ಥಳವಿಟ್ಟಿಲ್ಲ.

ಕೆಣಕುವ ಸಂಗತಿಗಳಿಗೆ ಒಂದು ಪಂಚಾಂಗವೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯಕೂಡದು. ಶಾಲೆ ತೆರೆಯುವ ಕಾಲವೂ ಅದೇ. ಪುಸ್ತಕ, ಸಮವಸ್ತ್ರ, ಕೊಡೆ ಎಲ್ಲಕ್ಕೂ ಹಣ ಬೇಕಾದಾಗಲೇ ಮೀನುಗಾರನ ಮನೆಯಲ್ಲಿ ವರಮಾನ ನಿಂತಿರುವುದು. ಬೆಳಗ್ಗೆ ಏನೂ ತಿನ್ನದೆ ಬಂದ ಹುಡುಗನು ಹನ್ನೊಂದು ಗಂಟೆಗೆ ಸಿಡುಕಿದರೆ ಅದನ್ನು ದುರ್ನಡತೆಯೆಂದು ಬರೆಯುವ ಮೊದಲು ಅವನ ಹೊಟ್ಟೆಯನ್ನು ವಿಚಾರಿಸಬೇಕು. ಭಟ್ಕಳದಲ್ಲಿ ಎಷ್ಟೋ ಮನೆಗಳ ತಂದೆಯರು ಕೊಲ್ಲಿ ದೇಶಗಳಲ್ಲಿ ದುಡಿಯುವರು. ರಜೆಗೆ ಬಂದ ತಂದೆ ಮರಳಿ ವಿಮಾನ ಹತ್ತಿದ ವಾರದಲ್ಲಿ ಮಗುವಿನ ನಡತೆ ಕೆಟ್ಟರೆ ಆಶ್ಚರ್ಯಪಡಬೇಕಾದುದಿಲ್ಲ. ಮಳೆಯ ಮಾತೂ ಹೀಗೆಯೇ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಅತಿವೃಷ್ಟಿಯಾಗಿ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಮನೆಯೊಂದರಲ್ಲಿ ನಾಲ್ವರು ಮಡಿದರು. ಇಂಥ ದುರಂತವನ್ನು ಹತ್ತಿರದಿಂದ ಕಂಡ ಮಗುವಿಗೆ ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದು ಬರಿಯ ಸದ್ದಾಗಿ ಉಳಿಯುವುದಿಲ್ಲ. ಅದರ ದೇಹವು ಓಡು ಎಂದು ಕೂಗುವುದು. ಓಡಿದ ಮಗುವನ್ನು ತರಗತಿ ಬಿಟ್ಟ ತಪ್ಪಿಗಾಗಿ ನಿಲ್ಲಿಸಿ ದಂಡಿಸಿದರೆ ಅದು ಕಲಿಯುವ ಪಾಠ ಯಾವುದು?

ನೋವನ್ನು ಬೇರೆಯಾಗಿಯೇ ಹೇಳಬೇಕು. ಮಾತು ಬಾರದ ಮಗು ತಲೆ ಚಚ್ಚಿಕೊಂಡರೆ, ಕಿವಿನೋವೋ ಹಲ್ಲುನೋವೋ ಮಲಬದ್ಧತೆಯೋ ಇರಬಹುದೆಂದು ಮೊದಲು ಶಂಕಿಸಬೇಕು. ನಿನ್ನೆಯವರೆಗೆ ಶಾಂತಳಾಗಿದ್ದ ವೃದ್ಧೆ ಇಂದು ದಿಗ್ಭ್ರಮೆಗೊಂಡು ಹೊಡೆಯಲು ಬಂದರೆ ಮೂತ್ರದ ಸೋಂಕೇ ಕಾರಣವಾಗಿರುವುದುಂಟು. ಹೊಸದಾಗಿ ಕೊಟ್ಟ ಔಷಧವೂ ಆಗಿರಬಹುದು. ಮರೆವಿನ ರೋಗವಿರುವವರಲ್ಲಿ ಮುಸ್ಸಂಜೆಯ ಹೊತ್ತಿಗೆ ಕಳವಳ ಹೆಚ್ಚುವುದನ್ನು ಆರೈಕೆ ಮಾಡುವವರೆಲ್ಲ ಬಲ್ಲರು. ದೀಪವನ್ನು ಸ್ವಲ್ಪ ಮುಂಚಿತವಾಗಿ ಹಚ್ಚಿ, ಸ್ನಾನವನ್ನು ಬೆಳಗಿನ ಹೊತ್ತಿಗೆ ಬದಲಿಸಿದರೆ ಎಷ್ಟೋ ಜಗಳಗಳು ಹುಟ್ಟುವುದೇ ಇಲ್ಲ.

ಇನ್ನು ಭಾಷೆ. ಈ ಮೂರು ತಾಲೂಕುಗಳಲ್ಲಿ ಮನೆಯ ಮಾತೂ ಶಾಲೆಯ ಮಾತೂ ಒಂದೇ ಆಗಿರುವ ಮಕ್ಕಳು ಎಷ್ಟು ಜನ? ಭಟ್ಕಳದ ನವಾಯತರ ಮಗು ಮನೆಯಲ್ಲಿ ನವಾಯತಿ ಆಡುವುದು, ಶಾಲೆಯಲ್ಲಿ ಉರ್ದು, ಇಂಗ್ಲಿಷ್, ಕನ್ನಡಗಳನ್ನು ಕಲಿಯುವುದು. ಖಾರ್ವಿ ಕೇರಿಯ ಮಗುವಿನದು ಕೊಂಕಣಿ. ಹಾಲಕ್ಕಿ ಒಕ್ಕಲಿಗರ ಕನ್ನಡವೂ ಹವ್ಯಕರ ಕನ್ನಡವೂ ಪಠ್ಯಪುಸ್ತಕದ ಕನ್ನಡದಿಂದ ಸಾಕಷ್ಟು ದೂರ. ಸಮಾಧಾನದ ಹೊತ್ತಿನಲ್ಲಿ ಮಗು ಎರಡನೆಯ ಭಾಷೆಯನ್ನು ಚೆನ್ನಾಗಿಯೇ ನಿಭಾಯಿಸುವುದು. ಭಯವೋ ಕೋಪವೋ ಏರಿದಾಗ ಮೊದಲು ಕೈಬಿಡುವುದು ಹೊಸದಾಗಿ ಕಲಿತದ್ದನ್ನು. ಆಗ ಪುಸ್ತಕದ ಕನ್ನಡದಲ್ಲಿ ಹತ್ತು ವಾಕ್ಯಗಳ ಉಪದೇಶ ಮಾಡಿದರೆ ಅದರ ಕಿವಿಗೆ ಬೀಳುವುದು ನಮ್ಮ ಸ್ವರ ಮಾತ್ರ. ಮನೆಯ ಮಾತಿನಲ್ಲಿ ಎರಡೇ ಪದ, ಹೆಸರು ಹಿಡಿದು ಮೆಲ್ಲಗೆ ಆಡಿದರೆ ಅದು ಒಳಕ್ಕೆ ಇಳಿಯುವುದು. ಮಾಸ್ತರಿಗೆ ಕೊಂಕಣಿ ಬಾರದಿದ್ದರೆ ಅಡುಗೆಯ ಬಾಯಿಗೆ ಬರುವುದಲ್ಲವೆ? ಆಕೆಯನ್ನು ಕರೆಯಲು ಸಂಕೋಚವೇಕೆ? ಪದವಿಯಲ್ಲಿ ಕಿರಿಯಳಾದ ಆಕೆ ಆ ಗಳಿಗೆಯಲ್ಲಿ ಶಾಲೆಯ ಅತ್ಯಂತ ಸಮರ್ಥ ವ್ಯಕ್ತಿಯಾಗಿರಬಹುದು.

ಇಷ್ಟೆಲ್ಲ ಎಚ್ಚರವಿದ್ದರೂ ಕೆಲವೊಮ್ಮೆ ಸ್ಫೋಟವು ಆಗಿಯೇ ಆಗುವುದು. ಆಗ ಮಾಡಬೇಕಾದ ಮೊದಲನೆಯ ಕಾರ್ಯವು ಮಗುವಿಗೆ ಸಂಬಂಧಿಸಿದ್ದಲ್ಲ, ನಮಗೇ ಸಂಬಂಧಿಸಿದ್ದು. ಎದುರಿಗಿರುವ ಮಗುವಿನ ಎದೆ ಹೊಡೆದುಕೊಳ್ಳುವಂತೆ ನಮ್ಮ ಎದೆಯೂ ಹೊಡೆದುಕೊಳ್ಳುತ್ತಿರುವುದು, ಮುಖ ಬಿಸಿಯಾಗಿರುವುದು, ನಲವತ್ತು ಮಕ್ಕಳ ಎದುರಿಗೆ ಮಾನ ಹೋಯಿತೆಂಬ ಭಾವನೆಯೂ ಸೇರಿರುವುದು. ಒಂದು ಉಸಿರನ್ನು ನಿಧಾನವಾಗಿ ಬಿಟ್ಟು, ಕೈಗಳನ್ನು ಕೆಳಗಿಳಿಸಿ, ಬೆರಳುಗಳನ್ನು ಬಿಚ್ಚಬೇಕು. ಇದಕ್ಕೆ ಎರಡು ಕ್ಷಣ ಸಾಕು. ಆಮೇಲೆ ಗುಂಪನ್ನು ಕರಗಿಸಬೇಕು. ಕೆರಳಿದವನನ್ನು ಹೊರಕ್ಕೆ ಎಳೆಯುವುದಕ್ಕಿಂತ ಉಳಿದ ಮಕ್ಕಳನ್ನು ಇನ್ನೊಬ್ಬ ಉಪಾಧ್ಯಾಯರೊಡನೆ ಜಗಲಿಗೆ ಕಳುಹಿಸುವುದು ಸುಲಭ, ಕ್ಷೇಮಕರ. ನೋಡುವವರಿಲ್ಲದಿದ್ದರೆ ಸೋಲಿನ ಅವಮಾನವೂ ಇಲ್ಲ. ಮಗು ಹಿಂದೆಗೆಯುವುದಕ್ಕೆ ದಾರಿ ದೊರೆಯುವುದು. ಕಲ್ಲು, ಕತ್ತರಿ, ಗಾಜಿನ ಲೋಟ ಮುಂತಾದುವನ್ನು ಸದ್ದಿಲ್ಲದೆ ತೆಗೆದಿಡಬೇಕು.

ನಿಲ್ಲುವ ರೀತಿಯಲ್ಲಿಯೂ ಅರ್ಥವುಂಟು. ಎರಡು ತೋಳಳತೆಯ ದೂರದಲ್ಲಿ, ನೇರ ಎದುರಿಗೆ ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಬೇಕು, ಸಾಧ್ಯವಿದ್ದರೆ ಕುಳಿತುಕೊಳ್ಳಬೇಕು. ಬಾಗಿಲನ್ನು ಅಡ್ಡಗಟ್ಟಕೂಡದು. ಕಣ್ಣಲ್ಲಿ ಕಣ್ಣಿಟ್ಟು ದುರುಗುಟ್ಟುವುದು, ಬೆರಳು ತೋರಿಸುವುದು, ಭುಜದ ಮೇಲೆ ಹಠಾತ್ತಾಗಿ ಕೈಯಿಡುವುದು ಇವು ಉರಿಗೆ ಎಣ್ಣೆ. ಒಬ್ಬರು ಮಾತ್ರ ಮಾತಾಡಬೇಕು. ಹಲವರು ಏಕಕಾಲಕ್ಕೆ ಆಜ್ಞೆ ಮಾಡಿದರೆ ಮಗು ಯಾವುದನ್ನೂ ಪಾಲಿಸಲಾರದು. ಮಾತು ಕಡಿಮೆ, ಸ್ವರ ತಗ್ಗು. “ನಿನಗೆ ತುಂಬ ಸಿಟ್ಟು ಬಂದಿದೆ, ಕಾಣುತ್ತಿದೆ. ನಾನು ಇಲ್ಲೇ ಕೂತಿದ್ದೇನೆ ಮಗಾ. ನೀರು ಬೇಕೋ, ಹೊರಗೆ ಹೋಗೋಣವೋ?” ಇಷ್ಟು ಸಾಕು. ಎರಡು ಆಯ್ಕೆಗಳನ್ನು ಮುಂದಿಟ್ಟು ಸುಮ್ಮನಿರುವುದು ಕಠಿಣವಾದ ವಿದ್ಯೆ. “ಯಾಕೆ ಹೀಗೆ ಮಾಡಿದೆ?” ಎಂಬ ಪ್ರಶ್ನೆಗೆ ಆಗ ಉತ್ತರವಿಲ್ಲ, ಅದನ್ನು ಕೇಳಲೇಬಾರದು. “ನಿನ್ನಪ್ಪನನ್ನು ಕರೆಸುತ್ತೇನೆ” ಎಂಬ ಬೆದರಿಕೆಯೂ ಬೇಡ. ಅಜ್ಜನ ವಿಷಯದಲ್ಲಿ, ನಾನು ಕಳ್ಳನಲ್ಲ ಎಂದು ವಾದಿಸುವುದರಿಂದ ಫಲವಿಲ್ಲ. “ಅಜ್ಜಾ, ಆಯ್ತು, ನಾನು ಆಚೆ ಹೋಗುತ್ತೇನೆ” ಎಂದು ಹೊರಟು, ಹತ್ತು ನಿಮಿಷ ಬಿಟ್ಟು ಚಹದ ಲೋಟದೊಡನೆ ಮರಳಿದರೆ ಅದೇ ಮನುಷ್ಯನನ್ನು ಅಜ್ಜನು ಬಾ ಎಂದು ಕರೆಯುವುದುಂಟು.

ಹೀಗೆ ಮಾಡಿದರೆ ಮಕ್ಕಳು ತಲೆಯ ಮೇಲೆ ಕೂರುವರು, ಪೆಟ್ಟಿಲ್ಲದೆ ವಿದ್ಯೆಯಿಲ್ಲ ಎಂಬ ಆಕ್ಷೇಪಣೆಯನ್ನು ನಾವು ಬಲ್ಲೆವು. ತಪ್ಪಿಗೆ ಪರಿಣಾಮವಿರಬಾರದೆಂದು ನಾವು ಹೇಳುತ್ತಿಲ್ಲ. ಮುರಿದ ಕುರ್ಚಿಯನ್ನು ಜೋಡಿಸಲು ಹುಡುಗನು ಕೈಗೂಡಿಸಲಿ, ನೋಯಿಸಿದ ಗೆಳೆಯನನ್ನು ಕಂಡು ಮಾತಾಡಲಿ. ಆದರೆ ಅದು ನಾಳೆಯ ಕೆಲಸ. ಹೊತ್ತಿಕೊಂಡ ಮನೆಯೊಳಗೆ ಅಗ್ನಿನಿರೋಧದ ಪಾಠವನ್ನು ಯಾರೂ ಹೇಳರು. ಪೆಟ್ಟಿನ ಮಾತಿಗಂತೂ ಕಾನೂನು ಅವಕಾಶವನ್ನೇ ಉಳಿಸಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹಾಗಾದರೆ ಹಿಡಿಯಲೇಬಾರದೆ? ಹಿಡಿಯಬೇಕಾದ ಗಳಿಗೆಯೂ ಬರುವುದು. ಈ ಮೂರು ಪಟ್ಟಣಗಳ ನಡುವೆಯೇ 66ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗಿದೆ. ಮಗು ಗೇಟು ದಾಟಿ ಹೆದ್ದಾರಿಯತ್ತ ಓಡಿದರೆ, ತೆರೆದ ಬಾವಿಯ ಕಡೆಗೆ ಹೋದರೆ, ಒಡೆದ ಗಾಜನ್ನು ಎತ್ತಿಕೊಂಡರೆ, ಕೈ ಹಿಡಿಯದೆ ಮಾತಾಡುತ್ತ ನಿಲ್ಲುವುದು ಅಪರಾಧವೇ. ಆದರೆ ಹಿಡಿಯುವುದು ತಡೆಯುವಷ್ಟಕ್ಕೆ ಮಾತ್ರ, ಬಗ್ಗಿಸುವುದಕ್ಕಲ್ಲ, ಕಲಿಸುವುದಕ್ಕಲ್ಲ. ಬೋರಲಾಗಿ ಕೆಡಹಕೂಡದು. ಬೆನ್ನಿನ ಮೇಲೆ, ಎದೆಯ ಮೇಲೆ, ಕುತ್ತಿಗೆಯ ಮೇಲೆ ಭಾರ ಹಾಕಕೂಡದು. ಬೋರಲು ಬಿದ್ದವನ ಮೇಲೆ ಭಾರ ಬಿದ್ದಾಗ ಎದೆ ಹಿಗ್ಗಲಾರದು. ಉಸಿರಿಗಾಗಿ ಅವನು ಇನ್ನೂ ಹೆಚ್ಚು ಒದ್ದಾಡುವನು. ಹಿಡಿದವರು ಅದನ್ನು ಪ್ರತಿಭಟನೆಯೆಂದು ತಿಳಿದು ಇನ್ನೂ ಒತ್ತುವರು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುವುದು. “ಉಸಿರು ಕಟ್ಟುತ್ತಿದೆ” ಎಂದು ಮಗು ಹೇಳಿದರೆ, ಮಾತು ಬರುತ್ತಿದೆಯಲ್ಲ ಎಂದು ಅಲಕ್ಷಿಸದೆ ತತ್‌ಕ್ಷಣ ಬಿಡಬೇಕು. ಒಬ್ಬರ ಕೆಲಸ ಉಸಿರನ್ನೂ ಮುಖದ ಬಣ್ಣವನ್ನೂ ನೋಡುತ್ತಿರುವುದಷ್ಟೇ ಆಗಿರಬೇಕು.

1998ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಕೋರಂಟ್ ಎಂಬ ಪತ್ರಿಕೆಯು ಆ ದೇಶದ ಆಸ್ಪತ್ರೆಗಳಲ್ಲಿಯೂ ಆರೈಕೆಯ ಗೃಹಗಳಲ್ಲಿಯೂ ನಡೆದ ಇಂಥ ಮರಣಗಳನ್ನು ಒಟ್ಟುಗೂಡಿಸಿತು. ಹತ್ತು ವರ್ಷಗಳಲ್ಲಿ, ಹಿಡಿದು ಕಟ್ಟಿದಾಗ ಅಥವಾ ಕೋಣೆಯಲ್ಲಿ ಕೂಡಿದಾಗ ಸತ್ತವರು 142 ಜನರೆಂದು ಲೆಕ್ಕ ಸಿಕ್ಕಿತು. ಅವರಲ್ಲಿ ಮಕ್ಕಳೂ ಇದ್ದರು. ಅವರನ್ನು ಹಿಡಿದವರು ಕೊಲೆಗಾರರಲ್ಲ, ಸಂಬಳ ಪಡೆದು ಆರೈಕೆ ಮಾಡುತ್ತಿದ್ದ ಸಾಮಾನ್ಯ ಜನರು. ನಮ್ಮ ನೆರೆಯ ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ಮನೋರೋಗಿಗಳ ಗೃಹವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದವರು ಓಡಲಾರದೆ ಉಳಿದರು. 28 ಜನರು ಸತ್ತರು. ಕಟ್ಟಿಹಾಕುವುದೂ ರಕ್ಷಣೆಯೆಂಬ ಹೆಸರಿನಲ್ಲಿಯೇ ನಡೆದಿತ್ತು.

ಕಟ್ಟದೆಯೂ ನಡೆಸಬಹುದೆಂಬುದು ಹೊಸ ಕಂಡುಹಿಡಿತವೇನೂ ಅಲ್ಲ. 1838ರಲ್ಲಿ ಇಂಗ್ಲೆಂಡಿನ ಲಿಂಕನ್ನಿನಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ ಎಂಬ ವೈದ್ಯನು ಕಟ್ಟುವ ಸಲಕರಣೆಗಳನ್ನು ಪೂರ್ತಿಯಾಗಿ ಬಿಟ್ಟುಬಿಟ್ಟನು. ಮರುವರ್ಷ ಜಾನ್ ಕಾನಲಿ ಎಂಬವನು ಲಂಡನ್ನಿನ ಬಳಿಯ ಹ್ಯಾನ್‌ವೆಲ್ಲಿನಲ್ಲಿ, ಸುಮಾರು 800 ರೋಗಿಗಳಿದ್ದ ಆಸ್ಪತ್ರೆಯಲ್ಲಿ, ಅದನ್ನೇ ಮಾಡಿದನು. ಇತ್ತೀಚಿನದೊಂದು ಪರೀಕ್ಷೆಯನ್ನೂ ಹೇಳಬಹುದು. ಇಂಗ್ಲೆಂಡಿನ 15 ಆಸ್ಪತ್ರೆಗಳ 31 ಮನೋರೋಗದ ವಾರ್ಡುಗಳಲ್ಲಿ ಸಿಬ್ಬಂದಿಗೆ ಮೃದುವಾದ ಮಾತು, ಪರಸ್ಪರ ಪರಿಚಯ, ಕಳವಳಗೊಂಡವರಿಗೆ ಮನಸ್ಸು ತಣಿಸುವ ಸಾಮಾನುಗಳ ಪೆಟ್ಟಿಗೆ, ಗಲಾಟೆಯ ಬಳಿಕ ಉಳಿದ ರೋಗಿಗಳಿಗೆ ಧೈರ್ಯ ಹೇಳುವುದು, ಇಂಥ ಸಣ್ಣ ಉಪಾಯಗಳನ್ನು ಕಲಿಸಲಾಯಿತು. 2015ರಲ್ಲಿ ಪ್ರಕಟವಾದ ಫಲದಂತೆ ಈ ಉಪಾಯಗಳಿಂದ ಕಲಹಗಳು ಶೇಕಡಾ 15ರಷ್ಟೂ, ಹಿಡಿದು ಕಟ್ಟುವಂಥ ಬಲವಂತದ ಕ್ರಮಗಳು ಶೇಕಡಾ 26ರಷ್ಟೂ ಇಳಿದವು. ಸೇಫ್‌ವಾರ್ಡ್ಸ್ ಎಂದು ಆ ಪದ್ಧತಿಗೆ ಹೆಸರು. ಅದರಲ್ಲಿ ನಮ್ಮ ಶಾಲೆಗಳಿಗೆ ಎಟುಕದ ಬೆಲೆಯ ವಸ್ತು ಒಂದೂ ಇಲ್ಲ. ಮೂಲೆಯಲ್ಲಿ ಒಂದು ಚಾಪೆ, ಮಣ್ಣಿನ ಉಂಡೆ, ಬಣ್ಣದ ಕಡ್ಡಿ, ಕಿವಿಗೆ ಹತ್ತಿ, ನೀರಿನ ತಂಬಿಗೆ ಇವನ್ನು ಯಾವ ಶಾಲೆ ಇಡಲಾರದು? ಆ ಮೂಲೆಯನ್ನು ಶಿಕ್ಷೆಯ ಸ್ಥಳವನ್ನಾಗಿ ಮಾತ್ರ ಮಾಡಬಾರದು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು 2018ರ ಮೇ 29ರಿಂದ ಜಾರಿಯಲ್ಲಿದೆ. ಮನೋರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಬಂಧಿಸಕೂಡದೆಂದೂ, ಒಂಟಿ ಕೋಣೆಯಲ್ಲಿ ಕೂಡಕೂಡದೆಂದೂ ಅದು ವಿಧಿಸಿದೆ. ದೈಹಿಕವಾಗಿ ತಡೆಯುವುದು ತಕ್ಷಣದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿಲ್ಲದಾಗ ಮಾತ್ರ, ಮನೋವೈದ್ಯನ ಒಪ್ಪಿಗೆಯಿಂದ, ಅಗತ್ಯಕ್ಕಿಂತ ಒಂದು ಗಳಿಗೆಯೂ ಹೆಚ್ಚಾಗದಂತೆ ನಡೆಯಬೇಕು; ಅದನ್ನು ಬರೆದಿಡಬೇಕು. ಶಿಕ್ಷೆಯಾಗಿ ಮಾಡಕೂಡದು, ಸಿಬ್ಬಂದಿ ಸಾಲದೆಂಬ ನೆಪದಿಂದಲೂ ಮಾಡಕೂಡದು. ಈ ಕಾಯಿದೆ ಮನೋರೋಗ ಚಿಕಿತ್ಸೆಯ ಸಂಸ್ಥೆಗಳಿಗಾಗಿ ಇರುವುದು ನಿಜ. ಆಸ್ಪತ್ರೆಯಲ್ಲಿ ವೈದ್ಯನಿಗೂ ಇಷ್ಟು ಅಂಕೆ ಹಾಕಿರುವಾಗ, ಶಾಲೆಯ ಕಾವಲುಗಾರನು ಹಗ್ಗ ತರುವುದನ್ನು ನಾವು ಹೇಗೆ ಒಪ್ಪಬಹುದು?

ಕೆರಳಿಕೆ ಇಳಿದ ಬಳಿಕ ದೇಹವು ಮೊದಲಿನ ಸ್ಥಿತಿಗೆ ಬರಲು ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಹಿಡಿಯುವುದು. ಅಳು ನಿಂತಿತೆಂದು ಒಡನೆಯೇ ಮುಖ್ಯೋಪಾಧ್ಯಾಯರ ಕೋಣೆಗೆ ಕರೆದೊಯ್ದು ವಿಚಾರಣೆ ನಡೆಸಿದರೆ ಎರಡನೆಯ ಸ್ಫೋಟವು ಮೊದಲಿನದಕ್ಕಿಂತ ಜೋರಾಗುವುದು. ನೀರು, ಸ್ವಲ್ಪ ತಿನಿಸು, ಮೌನ, ಬೇಕೆನಿಸಿದರೆ ನಿದ್ರೆ. ಮಾತು ಆಮೇಲೆ: ಏನಾಯಿತು, ಮೊದಲು ಯಾವುದು ಸಹಿಸದಾಯಿತು, ಮುಂದಿನ ಸಲ ನಾವು ಏನು ಮಾಡಿದರೆ ನಿನಗೆ ಸಹಾಯವಾದೀತು. ಪೆಟ್ಟು ತಿಂದ ಅಕ್ಕೋರನ್ನೂ ಮರೆಯಬಾರದು. ಕಚ್ಚಿಸಿಕೊಂಡು, ಬೈಸಿಕೊಂಡು ಕೈ ನಡುಗುತ್ತಿರುವ ಆಕೆಯನ್ನು ಮುಂದಿನ ತರಗತಿಗೆ ಕಳುಹಿಸುವುದು ನ್ಯಾಯವಲ್ಲ. ಯಾರಾದರೂ ಆ ಪೀರಿಯಡ್ಡನ್ನು ವಹಿಸಿಕೊಳ್ಳಬೇಕು. ಆಕೆ ತಪ್ಪಿತಸ್ಥೆಯೆಂಬ ಧಾಟಿಯಲ್ಲಿ ವರದಿ ಕೇಳಿದರೆ ಮುಂದೆ ಯಾರೂ ನಿಜವನ್ನು ಬರೆಯರು.

ಇದೆಲ್ಲ ಸ್ವಭಾವದಿಂದ ಬರತಕ್ಕ ಗುಣವೆಂದು ಕೆಲವರು ಭಾವಿಸುವರು. ನಮ್ಮ ಅಭಿಪ್ರಾಯದಲ್ಲಿ ಇದು ಅಭ್ಯಾಸದಿಂದ ಬರುವ ವಿದ್ಯೆ. ಕುಮಟೆಯಲ್ಲಿ ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಸಂಸ್ಥೆಯೂ, ಕಮಲಾ ಬಾಳಿಗಾ ಶಿಕ್ಷಣ ಮಹಾವಿದ್ಯಾಲಯವೂ ಇವೆ. ಭಟ್ಕಳದಲ್ಲಿ 1919ರಿಂದ ಇರುವ ಅಂಜುಮನ್ ಸಂಸ್ಥೆಯ ಹಲವು ಶಾಲೆಗಳಿವೆ. ಇಂಥ ಕಡೆಗಳಲ್ಲಿ ಉಪಾಧ್ಯಾಯರು ಒಬ್ಬರು ಕೆರಳಿದ ಹುಡುಗನಾಗಿ, ಇನ್ನೊಬ್ಬರು ಮಾಸ್ತರಾಗಿ ನಟಿಸಿ ಅಭ್ಯಾಸ ಮಾಡಬಹುದು. ಯಕ್ಷಗಾನದ ಸೀಮೆಯ ಜನರಿಗೆ ವೇಷ ಕಟ್ಟುವುದನ್ನು ಹೇಳಿಕೊಡಬೇಕಾದುದಿಲ್ಲ! ಬೆಂಕಿಯ ಕವಾಯಿತಿನಂತೆ ವರ್ಷಕ್ಕೆ ಎರಡು ಬಾರಿ ಇದನ್ನು ಮಾಡಿದರೆ ಸಾಕು.

ವೈದ್ಯಸಹಾಯದ ದಾರಿಗಳೂ ಮುಂಚಿತವಾಗಿ ಗೊತ್ತಿರಬೇಕು. ಕರ್ನಾಟಕದಲ್ಲಿ ಮನೋಚೈತನ್ಯವೆಂಬ ಯೋಜನೆಯ ಮೇರೆಗೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ಚಿಕಿತ್ಸೆಯ ಏರ್ಪಾಡು ಉಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಮಗುವಿಗೆ ಮನೆಯಲ್ಲಿಯೋ ಹೊರಗೋ ಹಿಂಸೆಯಾಗುತ್ತಿದೆಯೆಂಬ ಸಂಶಯವಿದ್ದರೆ 1098. ಪದೇ ಪದೇ ಕೆರಳುವ ಮಗುವಿಗಾಗಿ ಒಂದೇ ಒಂದು ಹಾಳೆಯ ಯೋಜನೆಯನ್ನು ತಂದೆತಾಯಿಯರೊಡನೆ ಕುಳಿತು ಬರೆಯಬೇಕು: ಏನು ಕೆಣಕುವುದು, ಮೊದಲ ಲಕ್ಷಣ ಯಾವುದು, ಯಾರ ಮಾತಿಗೆ ಒಲಿಯುವುದು, ಮುಟ್ಟಿದರೆ ಸಹಿಸುವುದೋ ಇಲ್ಲವೋ, ಯಾವ ಔಷಧ ನಡೆಯುತ್ತಿದೆ. ಅದನ್ನು ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಪ್ರಯೋಜನವಿಲ್ಲ. ತರಗತಿಯ ಉಪಾಧ್ಯಾಯರಿಗೂ, ಅಡುಗೆಯವರಿಗೂ ಅದು ತಿಳಿದಿರಬೇಕು. ಒಂದು ಪ್ರತಿ ಶಾಲಾ ವಾಹನದ ಚಾಲಕನ ಬಳಿಯಲ್ಲಿಯೂ ಇರಬೇಕು, ಏಕೆಂದರೆ ಇಂಥ ಪ್ರಸಂಗಗಳಲ್ಲಿ ಹಲವು ವಾಹನವನ್ನು ಹತ್ತುವಾಗ ಇಲ್ಲವೆ ಇಳಿಯುವಾಗ ನಡೆಯತಕ್ಕವು.